ಹೃದಯದ ಕದಗಳೂ ಅವುಗಳ ಶಸ್ತ್ರಚಿಕಿತ್ಸೆಯೂ

ಮನುಷ್ಯನ ಶರೀರದಲ್ಲಿ ವಿಶ್ರಾಂತಿಯೆಂಬುದನ್ನೇ ಅರಿಯದೆ ದುಡಿಯುವ ಅಂಗವೊಂದಿದ್ದರೆ ಅದು ಹೃದಯ. ತಾಯಿಯ ಗರ್ಭದಲ್ಲಿರುವಾಗಲೇ ಮಿಡಿಯತೊಡಗುವ ಈ ಮುಷ್ಟಿಗಾತ್ರದ ಸ್ನಾಯುವು ಕೊನೆಯುಸಿರಿನವರೆಗೆ ತನ್ನ ಕಾಯಕವನ್ನು ಬಿಡದು. ನಿಮಿಷಕ್ಕೆ ಸುಮಾರು ೭೦ ಸಲ, ದಿನಕ್ಕೆ ಸುಮಾರು ಒಂದು ಲಕ್ಷ ಸಲ ಅದು ಮಿಡಿಯುವುದು. ನಿಮಿಷಕ್ಕೆ ಸುಮಾರು ೫ ಲೀಟರಿನಂತೆ ದಿನವೊಂದಕ್ಕೆ ೭,೦೦೦ ಲೀಟರಿನಷ್ಟು ರಕ್ತವನ್ನು ಅದು ನೂಕುತ್ತದೆ. ಹತ್ತು ಲೀಟರು ಹಿಡಿಯುವ ಕೊಡದಿಂದ ಅಳೆಯುವುದಾದರೆ ಇದು ಏಳುನೂರು ಕೊಡಗಳಾದುವು. ಇಷ್ಟೊಂದು ರಕ್ತವು ಹಿಂದಕ್ಕೆ ಮರಳದೆ ಒಂದೇ ದಿಕ್ಕಿನಲ್ಲಿ ಹರಿಯುವಂತೆ ಕಾಯುವ ನಾಲ್ಕು ಪುಟ್ಟ ಕದಗಳು ಹೃದಯದೊಳಗಿವೆ. ಶಾಸ್ತ್ರದಲ್ಲಿ ಇವುಗಳನ್ನು ಕವಾಟಗಳೆನ್ನುವರು. ಆಸ್ಪತ್ರೆಗಳಲ್ಲಿ ವಾಲ್ವ್ ಎಂಬ ಹೆಸರೇ ರೂಢಿಯಾಗಿದೆ.

ಈ ಕದಗಳು ಕೆಟ್ಟರೆ ಅವನ್ನು ಸರಿಪಡಿಸುವ, ಬೇಕಾದರೆ ತೆಗೆದು ಹೊಸತನ್ನು ಜೋಡಿಸುವ ವಿದ್ಯೆಯು ಇಂದು ನಮ್ಮ ದೇಶದಲ್ಲಿಯೇ ಸಿದ್ಧಿಸಿದೆ. ಆದರೂ ಈ ವಿಷಯದಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆಗಳು ಜನರಲ್ಲಿ ಉಳಿದುಕೊಂಡಿವೆ. ಹೃದಯಕ್ಕೆ ಕತ್ತಿ ತಗಲಿದರೆ ಮನುಷ್ಯನು ಉಳಿಯುವುದುಂಟೇ ಎಂದು ಅಂಜಿ, ಶಸ್ತ್ರಚಿಕಿತ್ಸೆಯನ್ನು ವರ್ಷಾನುವರ್ಷ ಮುಂದೂಡುವುದು ಒಂದು. ಶಸ್ತ್ರಚಿಕಿತ್ಸೆ ಮುಗಿದೊಡನೆ ರೋಗವೂ ಮುಗಿಯಿತೆಂದು ಬಗೆದು, ಮಾತ್ರೆಯನ್ನೂ ಪರೀಕ್ಷೆಯನ್ನೂ ಕೈಬಿಡುವುದು ಇನ್ನೊಂದು. ಮೊದಲನೆಯ ತಪ್ಪಿನಿಂದ ಹೃದಯದ ಸ್ನಾಯುವೇ ಸೋತುಹೋಗುವುದು. ಎರಡನೆಯದರಿಂದ ವೈದ್ಯರು ಉಳಿಸಿಕೊಟ್ಟ ಜೀವವು ಮನೆಯಲ್ಲಿ ಕೈತಪ್ಪುವುದು. ಕವಾಟದ ಚಿಕಿತ್ಸೆಯಲ್ಲಿ ಅರ್ಧ ಕೆಲಸ ವೈದ್ಯರದು, ಉಳಿದರ್ಧ ಮನೆಯವರದು. ಈ ಮಾತನ್ನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಮನಗಾಣಿಸುವುದೇ ಈ ಲೇಖನದ ಉದ್ದೇಶ.

ಕದಗಳ ಕೆಲಸ

ಹೃದಯದಲ್ಲಿ ನಾಲ್ಕು ಕೋಣೆಗಳಿವೆಯೆಂಬುದನ್ನು ಮೇಲಿನ ತರಗತಿಗಳ ಮಕ್ಕಳು ಪಾಠದಲ್ಲಿ ಓದಿರುವರು. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ದೇಹವನ್ನೆಲ್ಲ ಸುತ್ತಿ ಬಂದ ರಕ್ತವು ಬಲ ಹೃತ್ಕರ್ಣವನ್ನು ಸೇರಿ, ಮೂರು ಎಸಳುಗಳುಳ್ಳ ತ್ರಿದಳ ಕವಾಟದ ಮೂಲಕ ಬಲ ಹೃತ್ಕುಕ್ಷಿಗೆ ಇಳಿಯುತ್ತದೆ. ಅಲ್ಲಿಂದ ಇನ್ನೊಂದು ಕವಾಟವನ್ನು ದಾಟಿ ಶ್ವಾಸಕೋಶಗಳಿಗೆ ಹೋಗಿ, ಆಮ್ಲಜನಕವನ್ನು ಪಡೆದು, ಎಡ ಹೃತ್ಕರ್ಣಕ್ಕೆ ಮರಳುತ್ತದೆ. ಎರಡು ಎಸಳುಗಳ ದ್ವಿದಳ ಕವಾಟವು ತೆರೆದಾಗ ಅದು ಎಡ ಹೃತ್ಕುಕ್ಷಿಗೆ ಬಂದು, ಅಲ್ಲಿನ ಬಲವಾದ ಸ್ನಾಯುವಿನ ಒತ್ತಡದಿಂದ ಮಹಾಪಧಮನಿಯ ಕವಾಟವನ್ನು ತೆರೆದುಕೊಂಡು ದೇಹದ ಎಲ್ಲ ಭಾಗಗಳಿಗೂ ಹರಿಯುತ್ತದೆ. ದ್ವಿದಳ ಕವಾಟವನ್ನು ವೈದ್ಯರು ಮೈಟ್ರಲ್ ವಾಲ್ವ್ ಎಂದೂ ಮಹಾಪಧಮನಿಯ ಕವಾಟವನ್ನು ಅಯೋರ್ಟಿಕ್ ವಾಲ್ವ್ ಎಂದೂ ಕರೆಯುವರು. ರೋಗಕ್ಕೆ ಹೆಚ್ಚಾಗಿ ತುತ್ತಾಗುವ ಕದಗಳು ಇವೆರಡೇ.

ಕಮ್ಮಾರನ ತಿದಿಯನ್ನು ನೋಡಿದವರಿಗೆ ಕವಾಟದ ಮರ್ಮ ಸುಲಭವಾಗಿ ತಿಳಿಯುವುದು. ತಿದಿಯನ್ನು ಎಳೆದಾಗ ಒಳಗಿನ ತೊಗಲಿನ ಎಸಳು ಮೇಲೆದ್ದು ಗಾಳಿಯನ್ನು ಒಳಕ್ಕೆ ಬಿಡುತ್ತದೆ. ಒತ್ತಿದಾಗ ಅದೇ ಎಸಳು ಮುಚ್ಚಿಕೊಂಡು ಗಾಳಿಯು ಕೊಳವೆಯ ಮೂಲಕವೇ ಒಲೆಗೆ ಹೋಗುವಂತೆ ಮಾಡುತ್ತದೆ. ನಮ್ಮ ಅಡಿಕೆ ತೋಟಗಳ ಪಂಪಿನಲ್ಲಿ ಬಾವಿಯ ತಳಕ್ಕೆ ಇಳಿಸಿದ ಕೊಳವೆಯ ತುದಿಯಲ್ಲಿರುವ ಫುಟ್‌ವಾಲ್ವ್ ಮಾಡುವುದೂ ಇದನ್ನೇ. ಅದರಲ್ಲಿ ಕಸ ಸಿಕ್ಕಿ ಕದ ತೆರೆಯದಿದ್ದರೆ ನೀರು ಮೇಲೇರದು. ಕದ ಸರಿಯಾಗಿ ಮುಚ್ಚದಿದ್ದರೆ ಏರಿದ ನೀರೆಲ್ಲ ಮರಳಿ ಬಾವಿಗೆ ಬೀಳುವುದು. ಹೃದಯದ ಕದಗಳಿಗೆ ಬರುವ ದೋಷಗಳೂ ಈ ಎರಡೇ: ಸರಿಯಾಗಿ ತೆರೆಯದಂತೆ ಕಿರಿದಾಗುವುದು, ಸರಿಯಾಗಿ ಮುಚ್ಚದೆ ಸೋರುವುದು. ಕೆಲವರಲ್ಲಿ ಎರಡೂ ಕೂಡಿಯೇ ಇರುವುದುಂಟು.

ವೈದ್ಯರು ಎದೆಗೆ ಕೊಳವೆಯನ್ನಿಟ್ಟು ಆಲಿಸುವ 'ಲಬ್ ಡಬ್' ಸದ್ದು ಈ ಕದಗಳು ಮುಚ್ಚಿಕೊಳ್ಳುವ ಸದ್ದೇ ಆಗಿದೆ. ಕದ ಕಿರಿದಾದರೆ ಅಥವಾ ಸೋರಿದರೆ ನಡುವೆ 'ಮರ್ಮರ್' ಎಂಬ ಇನ್ನೊಂದು ಸದ್ದು ಕೇಳಿಬರುತ್ತದೆ. ಎಷ್ಟೋ ಮಕ್ಕಳ ರೋಗವು ಶಾಲೆಯ ಆರೋಗ್ಯ ತಪಾಸಣೆಯ ದಿನ ಈ ಸದ್ದಿನಿಂದಲೇ ಪತ್ತೆಯಾಗುವುದರಿಂದ, ಆ ದಿನ ಮಕ್ಕಳನ್ನು ತಪ್ಪದೆ ಶಾಲೆಗೆ ಕಳುಹಿಸಬೇಕು.

ಕದ ಕೆಡುವುದೇಕೆ

ಕೆಲವರಿಗೆ ಹುಟ್ಟುವಾಗಲೇ ಕವಾಟದ ರಚನೆಯಲ್ಲಿ ದೋಷವಿರುತ್ತದೆ. ಮೂರು ಎಸಳಿರಬೇಕಾದಲ್ಲಿ ಎರಡೇ ಇರುವುದು ಇದಕ್ಕೊಂದು ಉದಾಹರಣೆ. ವೃದ್ಧಾಪ್ಯದಲ್ಲಿ ಮಹಾಪಧಮನಿಯ ಕವಾಟಕ್ಕೆ ಸುಣ್ಣದ ಅಂಶವು ಕಟ್ಟಿಕೊಂಡು ಅದು ಗಡುಸಾಗುವುದುಂಟು. ಆದರೆ ನಮ್ಮ ದೇಶದಲ್ಲಿ ಎಳೆಯರ ಹಾಗೂ ನಡುಪ್ರಾಯದವರ ಕವಾಟಗಳನ್ನು ಕೆಡಿಸುವ ಮುಖ್ಯ ಶತ್ರು ರುಮ್ಯಾಟಿಕ್ ಜ್ವರ. ಇದರಿಂದ ಹೃದಯ ಕೆಟ್ಟವರು ಜಗತ್ತಿನಲ್ಲಿ ಸುಮಾರು ಐದೂವರೆ ಕೋಟಿ ಮಂದಿ ಇರುವರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಬಡತನವೂ ಇಕ್ಕಟ್ಟಾದ ವಾಸವೂ ಇರುವಲ್ಲಿ ಈ ರೋಗ ಹೆಚ್ಚು.

ಇದರ ಆರಂಭವು ತೀರ ಅಲ್ಪವಾದುದು. ಸ್ಟ್ರೆಪ್ಟೊಕೋಕಸ್ ಎಂಬ ರೋಗಾಣುವಿನಿಂದ ಮಗುವಿನ ಗಂಟಲು ನೋಯುತ್ತದೆ, ಜ್ವರ ಬರುತ್ತದೆ, ನಾಲ್ಕು ದಿನಗಳಲ್ಲಿ ಗುಣವಾಗುತ್ತದೆ. ಮನೆಯವರು ಅದನ್ನು ಮರೆತಿರುವಾಗ, ಎರಡು ಮೂರು ವಾರಗಳು ಕಳೆದ ಮೇಲೆ, ಮತ್ತೆ ಜ್ವರ ಕಾಣಿಸಿಕೊಂಡು ಮೊಣಕಾಲು, ಪಾದದ ಗಂಟು, ಮೊಣಕೈಗಳು ಒಂದಾದ ಮೇಲೊಂದರಂತೆ ಬಾತು ನೋಯತೊಡಗುತ್ತವೆ. ಕೆಲವು ಮಕ್ಕಳಲ್ಲಿ ಕೈಕಾಲುಗಳು ತಾವಾಗಿಯೇ ಅದುರುವುದೂ ಉಂಟು. ಐದರಿಂದ ಹದಿನೈದು ವರ್ಷ ಪ್ರಾಯದ ಮಕ್ಕಳಲ್ಲಿ, ಎಂದರೆ ಶಾಲೆಗೆ ಹೋಗುವ ಪ್ರಾಯದಲ್ಲಿಯೇ, ಇದು ಹೆಚ್ಚು.

ರೋಗಾಣುವನ್ನು ಎದುರಿಸಲು ದೇಹದಲ್ಲಿ ಹುಟ್ಟಿದ ರಕ್ಷಣಾಶಕ್ತಿಯು ಹೃದಯದ ಕವಾಟವನ್ನೇ ಶತ್ರುವೆಂದು ಭ್ರಮಿಸಿ ಅದರ ಮೇಲೆರಗುವುದೇ ಇದಕ್ಕೆ ಕಾರಣ. ಕಳ್ಳನನ್ನು ಹಿಡಿಯಲೆಂದು ಸಾಕಿದ ನಾಯಿಯು ಕತ್ತಲಲ್ಲಿ ಗುರುತು ಸಿಗದೆ ಮನೆಯ ಮಗುವನ್ನು ಕಚ್ಚಿದಂತೆ ಇದು. ಕೀಲುಗಳ ನೋವು ಕಲೆಯನ್ನುಳಿಸದೆ ಹೋಗುವುದು. ಹೃದಯಕ್ಕಾದ ಗಾಯವಾದರೋ ಉಳಿಯುವುದು. ಜ್ವರವು ಮರುಕಳಿಸಿದಷ್ಟೂ ಕವಾಟದ ಎಸಳುಗಳು ದಪ್ಪವಾಗಿ, ಅಂಚುಗಳು ಒಂದಕ್ಕೊಂದು ಬೆಸೆದುಕೊಂಡು, ಬಾಗಿಲು ಕಿರಿದಾಗುತ್ತ ಬರುವುದು. ಆರೋಗ್ಯವಂತರಲ್ಲಿ ದ್ವಿದಳ ಕವಾಟದ ಬಾಯಿಯು ೪ರಿಂದ ೬ ಚದರ ಸೆಂಟಿಮೀಟರಿನಷ್ಟಿರುತ್ತದೆ. ಅದು ಒಂದೂವರೆಗಿಂತ ಕಡಿಮೆಯಾದರೆ ರೋಗವು ತೀವ್ರವಾಯಿತೆಂದು ತಿಳಿಯುವರು.

ಈ ಕೇಡನ್ನು ತಡೆಯುವ ಉಪಾಯವು ಅಗ್ಗವೂ ಸುಲಭವೂ ಆಗಿದೆ. ಗಂಟಲುನೋವು ಜ್ವರದೊಡನೆ ಬಂದರೆ ವೈದ್ಯರಿಗೆ ತೋರಿಸಿ, ಅವರು ಪೆನಿಸಿಲಿನ್ ಮುಂತಾದ ಔಷಧವನ್ನು ಎಷ್ಟು ದಿನಕ್ಕೆ ಕೊಟ್ಟರೋ ಅಷ್ಟು ದಿನ ಪೂರ್ತಿಯಾಗಿ ತೆಗೆದುಕೊಳ್ಳುವುದು ಮೊದಲನೆಯದು. ರುಮ್ಯಾಟಿಕ್ ಜ್ವರ ಒಮ್ಮೆ ಬಂದ ಮಗುವಿಗೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ತಪ್ಪದೆ ಹಾಕಿಸುವುದು ಎರಡನೆಯದು. ಕವಾಟಕ್ಕೆ ಹಾನಿಯಾಗಿ ಉಳಿದವರಿಗೆ ಇದನ್ನು ಹತ್ತು ವರ್ಷ ಅಥವಾ ನಲವತ್ತು ವರ್ಷ ಪ್ರಾಯವಾಗುವವರೆಗೆ, ಇವುಗಳಲ್ಲಿ ಯಾವುದು ದೀರ್ಘವೋ ಅಷ್ಟು ಕಾಲ, ಮುಂದುವರಿಸಬೇಕೆಂದು ವೈದ್ಯಶಾಸ್ತ್ರವು ವಿಧಿಸುತ್ತದೆ. ಮಗು ಓಡಾಡಿಕೊಂಡಿದೆಯಲ್ಲ, ಇನ್ನೇಕೆ ಚುಚ್ಚುಮದ್ದು ಎಂದು ನಿಲ್ಲಿಸಿದ ಮನೆಗಳಲ್ಲಿಯೇ ಮುಂದೆ ಶಸ್ತ್ರಚಿಕಿತ್ಸೆಯ ಮಾತು ಬರುವುದು.

ರೋಗದ ಗುರುತುಗಳು

ಹೃದಯವು ಸಹನಶೀಲವಾದ ಅಂಗ. ಕದ ಕೆಟ್ಟರೂ ಬಹುಕಾಲ ಅದು ದೂರದೆ ದುಡಿಯುವುದು. ಮೊದಲು ಗುಡ್ಡ ಹತ್ತುವಾಗ, ನೀರು ಸೇದುವಾಗ ಏದುಸಿರು ಬರುವುದು. ಕ್ರಮೇಣ ಸಮನಾದ ದಾರಿಯಲ್ಲಿ ನಡೆದರೂ ಉಬ್ಬಸ. ಆಮೇಲೆ ರಾತ್ರಿ ಮಲಗಿದಾಗ ಉಸಿರು ಕಟ್ಟಿದಂತಾಗಿ ಎದ್ದು ಕುಳಿತುಕೊಳ್ಳಬೇಕಾಗುವುದು. ಆಯಾಸ, ಎದೆ ಡವಗುಟ್ಟುವುದು, ಪಾದಗಳು ಬಾಯುವುದು ಇವು ಇತರ ಗುರುತುಗಳು. ಮಹಾಪಧಮನಿಯ ಕವಾಟ ಕಿರಿದಾದವರಲ್ಲಿ ಎದೆನೋವೂ ತಲೆಸುತ್ತಿ ಬೀಳುವುದೂ ಕಾಣಬಹುದು. ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಗರ್ಭಿಣಿಯ ಹೃದಯವು ಹೆಚ್ಚು ರಕ್ತವನ್ನು ನೂಕಬೇಕಾಗುವುದರಿಂದ, ಅದುವರೆಗೆ ಮರೆಯಲ್ಲಿದ್ದ ಕವಾಟದ ರೋಗವು ಎಷ್ಟೋ ಜನರಲ್ಲಿ ಆಗಲೇ ಹೊರಬೀಳುವುದು. ಬಸುರಿನಲ್ಲಿ ಆಯಾಸ ಸಹಜವೆಂದು ಹೇಳಿ ಅತಿಯಾದ ಏದುಸಿರನ್ನು ಕಡೆಗಣಿಸಬಾರದು.

ಎಕೋ ಎಂಬ ಪರೀಕ್ಷೆಯಿಂದ ಕದವು ಎಷ್ಟು ತೆರೆಯುತ್ತದೆ, ಎಷ್ಟು ಸೋರುತ್ತದೆ, ಹೃದಯದ ಸ್ನಾಯು ಎಷ್ಟು ಬಲವಾಗಿದೆ ಎಂಬುದೆಲ್ಲ ಪರದೆಯ ಮೇಲೆ ಕಾಣುವುದು. ಇದರಲ್ಲಿ ನೋವಿಲ್ಲ, ಸೂಜಿಯಿಲ್ಲ. ಶಸ್ತ್ರಚಿಕಿತ್ಸೆ ಬೇಕೇ, ಯಾವಾಗ ಬೇಕು ಎಂಬುದನ್ನು ವೈದ್ಯರು ಮುಖ್ಯವಾಗಿ ಇದರಿಂದಲೇ ನಿರ್ಣಯಿಸುವರು. ಸ್ನಾಯುವು ಸೋಲುವ ಮುನ್ನವೇ ಕದವನ್ನು ಸರಿಪಡಿಸಿದರೆ ಅದು ಚೇತರಿಸಿಕೊಳ್ಳುವುದು. ಪೂರ್ತಿ ಸೋತ ಮೇಲೆ ಹೊಸ ಕದವನ್ನಿಟ್ಟರೂ ಹಳೆಯ ಬಲ ಮರಳದು. ಇನ್ನೂ ನಡೆದಾಡಿಕೊಂಡಿರುವ ರೋಗಿಗೆ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಹೇಳುವುದು ಇದೇ ಕಾರಣಕ್ಕೆ.

ಈ ವಿದ್ಯೆ ಬೆಳೆದ ಬಗೆ

ಮಿಡಿಯುವ ಹೃದಯವನ್ನು ಮುಟ್ಟಬಾರದೆಂಬ ನಂಬಿಕೆಯು ಬಹುಕಾಲ ವೈದ್ಯರಲ್ಲಿಯೂ ಇತ್ತು. ೧೯೨೫ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಎಂಬ ಶಸ್ತ್ರವೈದ್ಯರು ಓರ್ವ ಹುಡುಗಿಯ ಹೃತ್ಕರ್ಣದೊಳಗೆ ಬೆರಳನ್ನೇ ತೂರಿಸಿ ಕಿರಿದಾದ ದ್ವಿದಳ ಕವಾಟವನ್ನು ಅಗಲಿಸಿದರು. ಹುಡುಗಿ ಬದುಕಿದಳು, ಆದರೆ ಇತರ ವೈದ್ಯರು ಅಂಥ ರೋಗಿಯನ್ನು ಮತ್ತೆ ಅವರ ಬಳಿಗೆ ಕಳುಹಿಸಲಿಲ್ಲ. ೧೯೪೮ರಲ್ಲಿ ಅಮೆರಿಕದ ಚಾರ್ಲ್ಸ್ ಬೈಲಿ, ಡ್ವೈಟ್ ಹಾರ್ಕನ್ ಮತ್ತು ಇಂಗ್ಲೆಂಡಿನ ರಸೆಲ್ ಬ್ರಾಕ್ ಇವರು ಆ ಕೆಲಸವನ್ನು ಪುನಃ ಕೈಗೆತ್ತಿಕೊಂಡು ಯಶಸ್ಸನ್ನು ಪಡೆದರು. ೧೯೫೩ರಲ್ಲಿ ಜಾನ್ ಗಿಬ್ಬನ್ ಅವರು ಹೃದಯದ ಮತ್ತು ಶ್ವಾಸಕೋಶದ ಕೆಲಸವನ್ನು ಸ್ವಲ್ಪ ಹೊತ್ತು ತಾನು ನಡೆಸಿಕೊಡುವ ಯಂತ್ರದ ನೆರವಿನಿಂದ ಹೃದಯವನ್ನು ತೆರೆದು ಶಸ್ತ್ರಚಿಕಿತ್ಸೆ ಮಾಡಿದರು. ಇದಾದ ಮೇಲೆ ಕೆಟ್ಟ ಕದವನ್ನು ತೆಗೆದು ಬೇರೊಂದನ್ನು ಕೂಡಿಸುವ ದಾರಿ ತೆರೆಯಿತು. ಕೃತಕ ಹೃದಯವನ್ನೇ ಮಾಡಬೇಕೆಂಬ ಹಂಬಲದಿಂದ ಬಂದ ಲೋವೆಲ್ ಎಡ್ವರ್ಡ್ಸ್ ಎಂಬ ನಿವೃತ್ತ ಇಂಜಿನಿಯರರಿಗೆ, ಮೊದಲು ಒಂದು ಕದವನ್ನು ಮಾಡೋಣವೆಂದು ಆಲ್ಬರ್ಟ್ ಸ್ಟಾರ್ ಎಂಬ ಶಸ್ತ್ರವೈದ್ಯರು ಸೂಚಿಸಿದರು. ೧೯೬೦ರಲ್ಲಿ ಬಳಕೆಗೆ ಬಂದ ಇವರ ಕವಾಟವು ಲೋಹದ ಪಂಜರದೊಳಗೆ ಏರಿಳಿಯುವ ಒಂದು ಗೋಲಿಯಷ್ಟೆ! ಆದರೆ ಅದರಿಂದ ಸಾವಿರಾರು ಜನರು ಬದುಕಿದರು.

ನಮ್ಮ ದೇಶದ ಮಟ್ಟಿಗೆ ಈ ಕಥೆಯ ಮುಖ್ಯ ಅಧ್ಯಾಯವು ನಾವಿರುವ ಕೇರಳದಲ್ಲಿಯೇ ನಡೆಯಿತು. ಹೊರದೇಶದಿಂದ ತರಿಸುವ ಕವಾಟಗಳ ಬೆಲೆಯು ಬಡವರ ಕೈಗೆಟುಕದಿರುವುದನ್ನು ಕಂಡು, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ಮುಂದಾಳುತನದಲ್ಲಿ ವೈದ್ಯರೂ ಇಂಜಿನಿಯರರೂ ಕೂಡಿ ಸ್ವದೇಶಿ ಕವಾಟದ ನಿರ್ಮಾಣಕ್ಕೆ ತೊಡಗಿದರು. ಮೊದಲಿನ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತುವು. ನಾಲ್ಕನೆಯದು ಗೆದ್ದಿತು. ಕೋಬಾಲ್ಟು, ಕ್ರೋಮಿಯಂ ಬೆರೆತ ಲೋಹದ ಉಂಗುರ, ಅದರೊಳಗೆ ಓರೆಯಾಗಿ ತೆರೆದು ಮುಚ್ಚುವ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ, ಹೃದಯಕ್ಕೆ ಹೊಲಿಯಲು ಪಾಲಿಯೆಸ್ಟರ್ ಬಟ್ಟೆಯ ಅಂಚು, ಇಷ್ಟೇ ಅದರ ರಚನೆ. ೧೯೯೦ನೇ ಡಿಸೆಂಬರ್ ೬ರಂದು ಅದನ್ನು ಮೊದಲ ಸಲ ರೋಗಿಯೊಬ್ಬರಿಗೆ ಜೋಡಿಸಲಾಯಿತು. 'ಚಿತ್ರಾ ವಾಲ್ವ್' ಎಂದು ಹೆಸರಾದ ಈ ಕವಾಟವು ಇಂದಿಗೆ ಒಂದು ಲಕ್ಷಕ್ಕೂ ಮಿಕ್ಕಿದ ಜನರ ಎದೆಯನ್ನು ಸೇರಿದೆ. ಡಾ. ವಲಿಯತ್ತಾನ್ ಅವರು ಮುಂದೆ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾಗಿ ಬಂದು, ೨೦೨೪ರಲ್ಲಿ ತೀರಿಕೊಂಡರು. ಮೂರು ಸಲ ಸೋತ ಮೇಲೂ ಕೆಲಸವನ್ನು ಬಿಡದವರ ಈ ಕಥೆಯು ನಮ್ಮ ವಿದ್ಯಾರ್ಥಿಗಳಿಗೆ ಒಂದು ಪಾಠವೇ ಸರಿ.

ಚಿಕಿತ್ಸೆಯ ಬಗೆಗಳು

ಕೆಟ್ಟ ಕದವನ್ನೆಲ್ಲ ತೆಗೆಯಲೇಬೇಕೆಂದಿಲ್ಲ. ದ್ವಿದಳ ಕವಾಟವು ಬರಿದೆ ಕಿರಿದಾಗಿದ್ದು, ಎಸಳುಗಳು ಇನ್ನೂ ಮೆದುವಾಗಿದ್ದರೆ, ತೊಡೆಯ ರಕ್ತನಾಳದ ಮೂಲಕ ಸಣ್ಣ ಬಲೂನನ್ನು ಹೃದಯಕ್ಕೆ ಒಯ್ದು, ಅಲ್ಲಿ ಅದನ್ನು ಉಬ್ಬಿಸಿ ಬೆಸೆದ ಅಂಚುಗಳನ್ನು ಬಿಡಿಸಬಹುದು. ಜಪಾನಿನ ಕಾಂಜಿ ಇನೂಯೆ ಎಂಬ ವೈದ್ಯರು ೧೯೮೦ರ ದಶಕದಲ್ಲಿ ಕಂಡುಹಿಡಿದ ಈ ಕ್ರಮದಲ್ಲಿ ಎದೆಯನ್ನು ತೆರೆಯಬೇಕಾಗಿಲ್ಲ. ರೋಗಿಯು ಕೆಲವೇ ದಿನಗಳಲ್ಲಿ ಮನೆಗೆ ಮರಳುವನು. ಮುಂದೆ ಕದವು ಮತ್ತೆ ಕಿರಿದಾಗಬಹುದಾದುದರಿಂದ ತಪಾಸಣೆಯನ್ನು ಬಿಡಬಾರದು. ಸೋರುವ ಕದವನ್ನು ಕೆಲವರಲ್ಲಿ ಹೊಲಿದು, ಸುತ್ತ ಉಂಗುರವನ್ನಿಟ್ಟು ಸರಿಪಡಿಸಬಹುದು. ವೃದ್ಧರಿಗೆ ಎದೆಯನ್ನು ತೆರೆಯದೆ ರಕ್ತನಾಳದ ಮೂಲಕವೇ ಮಹಾಪಧಮನಿಯ ಕವಾಟವನ್ನು ಇಡುವ ಕ್ರಮವನ್ನು ೨೦೦೨ರಲ್ಲಿ ಫ್ರಾನ್ಸಿನ ಅಲೈನ್ ಕ್ರಿಬಿಯೆ ಅವರು ಆರಂಭಿಸಿದರು. ಇದಾವುದೂ ಹೊಂದದಿದ್ದಾಗ ಶಸ್ತ್ರಚಿಕಿತ್ಸೆಯಿಂದ ಕವಾಟವನ್ನು ಬದಲಾಯಿಸುವರು.

ಹೊಸ ಕವಾಟಗಳಲ್ಲಿ ಎರಡು ಜಾತಿಗಳಿವೆ. ಯಾಂತ್ರಿಕ ಕವಾಟವು ಬಹುಕಾಲ, ಹೆಚ್ಚಿನವರಲ್ಲಿ ಜೀವಮಾನವಿಡೀ ಬಾಳುವುದು. ಆದರೆ ಅದರ ಮೇಲೆ ರಕ್ತವು ಹೆಪ್ಪುಗಟ್ಟುವ ಭಯವಿರುವುದರಿಂದ ವಾರ್ಫರಿನ್ ಮೊದಲಾದ ಮಾತ್ರೆಗಳನ್ನು ಜೀವವಿರುವವರೆಗೆ ತೆಗೆದುಕೊಳ್ಳಬೇಕು. ದನದ ಹೃದಯದ ಹೊದಿಕೆಯಿಂದಲೋ ಹಂದಿಯ ಕವಾಟದಿಂದಲೋ ಮಾಡಿದ ಜೈವಿಕ ಕವಾಟಕ್ಕೆ ಆ ಮಾತ್ರೆ ಹೆಚ್ಚಿನವರಿಗೆ ಕೆಲವು ತಿಂಗಳು ಸಾಕು. ಆದರೆ ಅದು ಹತ್ತರಿಂದ ಇಪ್ಪತ್ತು ವರ್ಷಗಳಲ್ಲಿ ಸವೆಯುವುದು, ಎಳೆಯರಲ್ಲಿ ಇನ್ನೂ ಬೇಗನೆ. ಆದುದರಿಂದ ಎಳೆಯರಿಗೆ ಯಾಂತ್ರಿಕವನ್ನೂ ವೃದ್ಧರಿಗೆ ಜೈವಿಕವನ್ನೂ ಆರಿಸುವುದು ಸಾಮಾನ್ಯ ಕ್ರಮ. ಮುಂದೆ ತಾಯಿಯಾಗಬೇಕಾದ ಹೆಣ್ಣುಮಗಳ ವಿಷಯದಲ್ಲಿ ಮಾತ್ರ ಹೆಚ್ಚಿನ ವಿಚಾರ ಬೇಕು. ವಾರ್ಫರಿನ್ ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲುದು. ಇದನ್ನು ಸಂಕೋಚಪಡದೆ ಮೊದಲೇ ವೈದ್ಯರೊಡನೆ ಮಾತಾಡಬೇಕು. ಪ್ರಾಣಿಯ ಅಂಗಾಂಶದ ವಿಷಯದಲ್ಲಿ ಮನಸ್ಸಿಗೆ ಅಳುಕಿದ್ದರೆ ಅದನ್ನೂ ಆಗಲೇ ಹೇಳಬೇಕು. ಕೇಳಿಕೊಳ್ಳದೆ ಇದ್ದು ಆಮೇಲೆ ಕೊರಗುವುದು ಸಲ್ಲದು.

ಆಸ್ಪತ್ರೆಯಲ್ಲಿ ನಡೆಯುವುದೇನು

ಶಸ್ತ್ರಚಿಕಿತ್ಸೆಗೆ ಮುಂಚೆ ರಕ್ತ, ಮೂತ್ರ, ಎದೆಯ ಎಕ್ಸ್‌ರೇ ಮುಂತಾದ ಪರೀಕ್ಷೆಗಳಾಗುವುವು. ಪ್ರಾಯವಾದವರಿಗೆ ಹೃದಯದ ರಕ್ತನಾಳಗಳನ್ನೂ ಪರೀಕ್ಷಿಸುವರು. ಹೃದಯದ ರೋಗಕ್ಕೆ ಹಲ್ಲನ್ನೇಕೆ ನೋಡುವರೆಂದು ಕೆಲವರಿಗೆ ಆಶ್ಚರ್ಯವಾಗುವುದುಂಟು. ಹುಳುಕು ಹಲ್ಲಿನ ರೋಗಾಣುಗಳು ರಕ್ತದಲ್ಲಿ ಸೇರಿ ಹೊಸ ಕವಾಟದಲ್ಲಿ ನೆಲೆಸಿದರೆ ಪ್ರಾಣಕ್ಕೇ ಅಪಾಯವಾದುದರಿಂದ ಹಲ್ಲುಗಳನ್ನು ಮೊದಲೇ ಸರಿಪಡಿಸುವರು. ರಕ್ತದಾನಿಗಳನ್ನು ಗೊತ್ತುಮಾಡಿಕೊಳ್ಳಬೇಕಾಗುವುದು. ಖರ್ಚಿನ ಬಗ್ಗೆ ಎದೆಗುಂದಬಾರದು. ಸರಕಾರದ ಆರೋಗ್ಯ ವಿಮೆಯ ಯೋಜನೆಗಳಿಗೆ ಅರ್ಹರಾದವರು ರೇಷನ್ ಕಾರ್ಡ್ ಮೊದಲಾದ ದಾಖಲೆಗಳೊಡನೆ ಆಸ್ಪತ್ರೆಯ ಕಚೇರಿಯಲ್ಲಿ ಮೊದಲೇ ವಿಚಾರಿಸತಕ್ಕದ್ದು. ಅಪಾಯವೆಷ್ಟೆಂಬುದು ರೋಗಿಯ ಪ್ರಾಯ, ಹೃದಯದ ಬಲ, ಇತರ ರೋಗಗಳು ಇವನ್ನು ಹೊಂದಿಕೊಂಡಿದೆ. ಸಹಿ ಹಾಕುವ ಮುನ್ನ ಅದನ್ನು ಶಸ್ತ್ರವೈದ್ಯರಿಂದಲೇ ಕೇಳಿ ತಿಳಿಯುವುದು ರೋಗಿಯ ಹಕ್ಕು.

ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಮೂರರಿಂದ ಐದು ಗಂಟೆ ಹಿಡಿಯುವುದು. ಅರಿವಳಿಕೆಯಿಂದ ರೋಗಿಗೆ ಏನೂ ತಿಳಿಯದು. ಎದೆಯ ನಡುವಿನ ಎಲುಬನ್ನು ಸೀಳಿ, ರಕ್ತವನ್ನು ಯಂತ್ರದ ಕಡೆಗೆ ತಿರುಗಿಸಿ, ತಣ್ಣನೆಯ ದ್ರಾವಣದಿಂದ ಹೃದಯವನ್ನು ನಿಶ್ಚಲಗೊಳಿಸುವರು. ಕೆಟ್ಟ ಕದವನ್ನು ಕತ್ತರಿಸಿ ತೆಗೆದು, ಹೊಸತನ್ನು ಸುತ್ತಲೂ ಹೊಲಿದ ಬಳಿಕ ಹೃದಯವು ಮತ್ತೆ ಮಿಡಿಯುವಂತೆ ಮಾಡುವರು. ಸೀಳಿದ ಎಲುಬನ್ನು ಉಕ್ಕಿನ ತಂತಿಯಿಂದ ಬಿಗಿಯುವರು.

ಹೊರಗೆ ಕಾದಿರುವ ಮನೆಯವರಿಗೆ ಅತ್ಯಂತ ಕಠಿನವಾದ ಗಳಿಗೆಯೆಂದರೆ ತೀವ್ರ ನಿಗಾ ಘಟಕದಲ್ಲಿ ತಮ್ಮವರನ್ನು ಮೊದಲ ಸಲ ನೋಡುವುದು. ಬಾಯಿಯಲ್ಲಿ ಉಸಿರಾಟದ ಕೊಳವೆ, ಎದೆಯಿಂದ ಹೊರಬಂದ ಕೊಳವೆಗಳು, ಕೈಗೆ ಸೂಜಿಗಳು, ಸುತ್ತ ಸದ್ದು ಮಾಡುವ ಯಂತ್ರಗಳು. ಇವೆಲ್ಲ ಕ್ರಮದಂತೆ ಇರತಕ್ಕವೇ ಹೊರತು ಅಪಾಯದ ಚಿಹ್ನೆಗಳಲ್ಲ. ಬಾಯಿಯ ಕೊಳವೆ ಇರುವವರೆಗೆ ರೋಗಿಗೆ ಎಚ್ಚರವಾದರೂ ಮಾತು ಹೊರಡದು. ಇದನ್ನು ಮೊದಲೇ ತಿಳಿದಿದ್ದರೆ ಅವನು ಗಾಬರಿಗೊಳ್ಳನು. ತಾನಾಗಿ ಉಸಿರಾಡಬಲ್ಲನೆಂದು ಕಂಡಾಗ, ಹೆಚ್ಚಿನವರಲ್ಲಿ ಒಂದು ದಿನದೊಳಗೆ, ಅದನ್ನು ತೆಗೆಯುವರು. ಎರಡು ಮೂರು ದಿನಗಳಲ್ಲಿ ವಾರ್ಡಿಗೆ ತಂದು ನಿಧಾನವಾಗಿ ನಡೆಸುವರು. ಎದೆಗೆ ದಿಂಬನ್ನು ಒತ್ತಿಹಿಡಿದು ಕೆಮ್ಮಲೂ ದೀರ್ಘವಾಗಿ ಉಸಿರೆಳೆಯಲೂ ಹೇಳುವರು. ನೋವಾಗುವುದು ನಿಜ, ಆದರೆ ಶ್ವಾಸಕೋಶದಲ್ಲಿ ಕಫ ಕಟ್ಟದಿರಲು ಅದು ಬೇಕೇಬೇಕು. ಎಲ್ಲವೂ ಸರಿಯಾದರೆ ಸುಮಾರು ಒಂದು ವಾರದಲ್ಲಿ ಮನೆಗೆ ಕಳುಹಿಸುವರು.

ಮನೆಗೆ ಬಂದ ಮೇಲೆ

ಇಲ್ಲಿಂದ ಮುಂದಿನದು ನಾವು ಆರಂಭದಲ್ಲಿ ಹೇಳಿದ ಉಳಿದರ್ಧ. ಎದೆಯ ಎಲುಬು ಕೂಡಲು ಆರರಿಂದ ಎಂಟು ವಾರಗಳು ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಅಷ್ಟು ಕಾಲ ಕೊಡಪಾನ ಎತ್ತುವುದು, ನೀರು ಸೇದುವುದು, ಮಕ್ಕಳನ್ನು ಎತ್ತಿಕೊಳ್ಳುವುದು, ಬೈಕು ಓಡಿಸುವುದು ಕೂಡದು. ದಿನದಿನವೂ ಸ್ವಲ್ಪಸ್ವಲ್ಪ ನಡೆಯಬೇಕು. ಮೊದಲ ವಾರಗಳಲ್ಲಿ ಊಟ ರುಚಿಸದೆ, ನಿದ್ದೆ ಬಾರದೆ, ಕಾರಣವಿಲ್ಲದೆ ಕಣ್ಣೀರು ಬರುವುದುಂಟು. ಇದು ಎಷ್ಟೋ ಜನರಿಗೆ ಆಗುವಂಥದು. ಮನೆಯವರು ಗದರದೆ ಸಮಾಧಾನ ಹೇಳಬೇಕು. ಯಾಂತ್ರಿಕ ಕವಾಟದವರಿಗೆ ರಾತ್ರಿಯ ನಿಶ್ಶಬ್ದದಲ್ಲಿ ಗಡಿಯಾರದಂತೆ 'ಟಿಕ್ ಟಿಕ್' ಸದ್ದು ಕೇಳಿಸುವುದು. ಅದು ಹೊಸ ಕದವು ತನ್ನ ಕೆಲಸವನ್ನು ಮಾಡುತ್ತಿರುವ ಸದ್ದು. ಹೆದರಬೇಕಾಗಿಲ್ಲ.

ವಾರ್ಫರಿನ್ ಮಾತ್ರೆಯ ವಿಷಯವನ್ನು ಎಲ್ಲರೂ ಮನಸ್ಸಿಟ್ಟು ತಿಳಿಯಬೇಕು. ಮಾತ್ರೆ ಕಡಿಮೆಯಾದರೆ ರಕ್ತ ಹೆಪ್ಪುಗಟ್ಟಿ ಕವಾಟ ಕಟ್ಟಿಕೊಳ್ಳುವುದು, ಅಥವಾ ಮೆದುಳಿಗೆ ಏರಿ ಪಾರ್ಶ್ವವಾಯು ಬಡಿಯುವುದು. ಹೆಚ್ಚಾದರೆ ರಕ್ತಸ್ರಾವವಾಗುವುದು. ಇವೆರಡರ ನಡುವಣ ದಾರಿಯನ್ನು ತೋರಿಸುವುದೇ ಐ. ಎನ್. ಆರ್. ಎಂಬ ರಕ್ತಪರೀಕ್ಷೆ. ಯಾಂತ್ರಿಕ ಕವಾಟವುಳ್ಳವರಲ್ಲಿ ಅದು ಕವಾಟದ ಜಾತಿ ಮತ್ತು ಸ್ಥಾನಕ್ಕೆ ತಕ್ಕಂತೆ ೨ರಿಂದ ೩ರೊಳಗೆ ಅಥವಾ ೨.೫ರಿಂದ ೩.೫ರೊಳಗೆ ಇರಬೇಕೆಂದು ವೈದ್ಯರು ಗೊತ್ತುಪಡಿಸುವರು. ಅಳತೆಯು ನೆಲೆಗೊಂಡ ಮೇಲೆಯೂ ತಿಂಗಳಿಗೊಮ್ಮೆಯಾದರೂ, ಅಥವಾ ವೈದ್ಯರು ಹೇಳಿದ ದಿನ, ಪರೀಕ್ಷೆ ಮಾಡಿಸಬೇಕು. ಮಾತ್ರೆಯನ್ನು ದಿನವೂ ಒಂದೇ ಹೊತ್ತಿಗೆ ನುಂಗಬೇಕು. ಮರೆತ ದಿನದ ಮಾತ್ರೆಯನ್ನು ಮರುದಿನ ಸೇರಿಸಿ ಎರಡಾಗಿ ನುಂಗಬಾರದು. ಪರೀಕ್ಷೆ ಬೇಡದ ಹೊಸ ಬಗೆಯ ಮಾತ್ರೆಗಳಿವೆಯಂತೆ ಎಂದು ಯಾರಾದರೂ ಹೇಳಿದರೆ ಕಿವಿಗೊಡಬಾರದು; ಅವು ಯಾಂತ್ರಿಕ ಕವಾಟಕ್ಕೆ ಸಲ್ಲವು.

ಬಸಳೆ, ಹರಿವೆ, ನುಗ್ಗೆಸೊಪ್ಪುಗಳಲ್ಲಿರುವ ಕೆ ಜೀವಸತ್ವವು ಈ ಮಾತ್ರೆಯ ಬಲವನ್ನು ತಗ್ಗಿಸುತ್ತದೆ. ಹಾಗೆಂದು ಸೊಪ್ಪನ್ನು ಬಿಡಬೇಕಾಗಿಲ್ಲ. ಒಂದು ವಾರ ದಿನವೂ ಬಸಳೆಯ ಪದಾರ್ಥ, ಮುಂದಿನ ವಾರ ಸೊಪ್ಪೇ ಇಲ್ಲ ಎಂಬಂತಾಗದೆ ಹದವಾಗಿ ಒಂದೇ ಪ್ರಮಾಣದಲ್ಲಿ ತಿನ್ನಬೇಕು. ತಲೆನೋವು, ಮೈಕೈನೋವುಗಳಿಗೆ ಅಂಗಡಿಯಿಂದ ಮಾತ್ರೆ ತರುವುದು, ಯಾರೋ ಹೇಳಿದ ಮದ್ದು ಕಷಾಯಗಳನ್ನು ಕುಡಿಯುವುದು ಅಪಾಯಕರ. ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರಿಗೆ ಶಸ್ತ್ರಚಿಕಿತ್ಸೆಯ ಬಳಿಕವೂ ಪೆನಿಸಿಲಿನ್ ಬೇಕಾಗುವುದು. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಅದನ್ನು ಚುಚ್ಚುಮದ್ದಾಗಿ ಕೊಡಬೇಕೋ ಮಾತ್ರೆಯಾಗಿಯೋ ಎಂಬುದನ್ನು ವೈದ್ಯರೇ ನಿರ್ಧರಿಸುವರು. ಹಲ್ಲು ಕೀಳಿಸುವ ಮುನ್ನ ಕವಾಟದ ವಿಷಯವನ್ನು ದಂತವೈದ್ಯರಿಗೆ ತಿಳಿಸಲೇಬೇಕು.

ಕೆಳಗಿನ ಗುರುತುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು:

೧. ಒಮ್ಮೆಲೆ ಏದುಸಿರು ಬರುವುದು, ಅಥವಾ ದಿನವೂ ಕೇಳಿಸುತ್ತಿದ್ದ 'ಟಿಕ್ ಟಿಕ್' ಸದ್ದು ಮಂಕಾಗುವುದು ಇಲ್ಲವೆ ನಿಲ್ಲುವುದು.
೨. ಮುಖ ಓರೆಯಾಗುವುದು, ಮಾತು ತೊದಲುವುದು, ಕೈಕಾಲಿನ ಬಲ ಕುಂದುವುದು.
೩. ಮಲವು ಕಪ್ಪಾಗುವುದು, ಮೂತ್ರದಲ್ಲಿ ರಕ್ತ, ವಸಡಿನಿಂದ ಅಥವಾ ಮೂಗಿನಿಂದ ನಿಲ್ಲದ ರಕ್ತ.
೪. ತಲೆಗೆ ಪೆಟ್ಟಾಗುವುದು, ಹೊರಗೆ ಗಾಯ ಕಾಣದಿದ್ದರೂ.
೫. ಚಳಿಜ್ವರ, ಅಥವಾ ಎದೆಯ ಗಾಯದಲ್ಲಿ ಕೀವು.

ಜ್ವರ ಬಂದಾಗ ಆಂಟಿಬಯೋಟಿಕ್ ಮಾತ್ರೆಯನ್ನು ತಾವೇ ತಂದು ನುಂಗಿದರೆ ಕವಾಟಕ್ಕೆ ತಗಲಿದ ರೋಗಾಣುವನ್ನು ರಕ್ತಪರೀಕ್ಷೆಯಲ್ಲಿ ಗುರುತಿಸುವುದು ಕಷ್ಟವಾಗುವುದೆಂಬುದನ್ನೂ ನೆನಪಿಡಬೇಕು.

ವಿದ್ಯಾರ್ಥಿಗಳ ಪಾಲು

ಇಷ್ಟೆಲ್ಲ ಓದಿದ ವಿದ್ಯಾರ್ಥಿಯು, ಇದರಲ್ಲಿ ನಾನು ಮಾಡಬೇಕಾದುದೇನಿದೆ ಎಂದು ಕೇಳಬಹುದು. ಬೇಕಾದಷ್ಟಿದೆ. ನಮ್ಮ ಗಡಿನಾಡಿನ ರೋಗಿಗಳು ಕೆಲವರು ಮಂಗಳೂರು ಮಣಿಪಾಲಗಳಿಗೆ, ಕೆಲವರು ಕ್ಯಾಲಿಕಟ್ಟಿಗೆ, ಇನ್ನು ಕೆಲವರು ರಾತ್ರಿಯ ರೈಲು ಹಿಡಿದು ತಿರುವನಂತಪುರಕ್ಕೆ ಹೋಗುವರು. ಮರಳುವಾಗ ಅವರ ಕೈಯಲ್ಲಿರುವ ಚೀಟಿ ಇಂಗ್ಲಿಷಿನಲ್ಲಿ, ಬಾಯಿಮಾತಿನ ಸೂಚನೆ ಮಲೆಯಾಳದಲ್ಲಿ. ಮನೆಯ ಅಜ್ಜಿಗೆ ಎರಡೂ ತಿಳಿಯವು. ವಾರ್ಫರಿನ್ ಮಾತ್ರೆಗಳು ಬೇರೆಬೇರೆ ಮಿಲಿಗ್ರಾಮಿನವಾಗಿ ಬರುವುದರಿಂದ, ಒಂದರ ಬದಲು ಇನ್ನೊಂದನ್ನು ನುಂಗಿದರೆ ಆಗುವ ಕೇಡು ಅಲ್ಪವಲ್ಲ. ಶಾಲೆಯಲ್ಲಿ ಕಲಿತ ಕನ್ನಡವೂ ಇಂಗ್ಲಿಷೂ ಮಲೆಯಾಳವೂ ಇಂಥಲ್ಲಿ ಒಂದು ಜೀವವನ್ನು ಕಾಯಬಲ್ಲವು. ಒಂದು ನೋಟು ಪುಸ್ತಕದಲ್ಲಿ ಗೆರೆಗಳನ್ನು ಎಳೆದು, ತಾರೀಕು, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಮು, ಯಾವ ಹೊತ್ತಿಗೆ, ಐ. ಎನ್. ಆರ್. ಎಷ್ಟು ಬಂತು, ಮುಂದಿನ ಪರೀಕ್ಷೆ ಎಂದು ಎಂಬುದನ್ನು ಅಚ್ಚ ಕನ್ನಡದಲ್ಲಿ ಬರೆದಿಡಿರಿ. ಬರೆದುದು ಚೀಟಿಗೆ ಸರಿಯಾಗಿದೆಯೇ ಎಂದು ಮುಂದಿನ ಭೇಟಿಯಲ್ಲಿ ವೈದ್ಯರಿಗೋ ದಾದಿಗೋ ತೋರಿಸಿರಿ. ರೋಗಿಯು ಹೊರಗೆ ಹೋಗುವಾಗ ಜೇಬಿನಲ್ಲಿಟ್ಟುಕೊಳ್ಳಲು ಒಂದು ಸಣ್ಣ ಚೀಟಿಯನ್ನೂ ಮಾಡಿಕೊಡಿರಿ: ಕವಾಟ ಬದಲಾದವರು, ವಾರ್ಫರಿನ್ ತೆಗೆದುಕೊಳ್ಳುವವರು ಎಂದು ಅದರಲ್ಲಿ ಬರೆದಿರಲಿ.

ತರಗತಿಯ ಜೊತೆಗಾರನೊಬ್ಬನು ಮೂರು ವಾರಕ್ಕೊಮ್ಮೆ ಚುಚ್ಚುಮದ್ದಿಗೆಂದು ರಜೆ ಪಡೆಯುವುದಿದ್ದರೆ ಅವನನ್ನು ಹೀಯಾಳಿಸದೆ, ಅಂದಿನ ಪಾಠವನ್ನು ಬರೆದುಕೊಡಿರಿ. ಆಟದಲ್ಲಿ ಬೇಗನೆ ಏದುಸಿರು ಬಿಡುವ ಗೆಳತಿಯನ್ನು ಕಂಡರೆ ಅಧ್ಯಾಪಕರಿಗೆ ತಿಳಿಸಿರಿ. ನಿಮಗೇ ಗಂಟಲು ನೋವು, ಜ್ವರ ಬಂದರೆ ಪರೀಕ್ಷೆ ಇದೆಯೆಂದೋ ಆಟ ತಪ್ಪುವುದೆಂದೋ ಮುಚ್ಚಿಡದೆ ಮನೆಯಲ್ಲಿ ಹೇಳಿರಿ.

ಹೃದಯದ ಕದವನ್ನು ಬದಲಾಯಿಸುವ ವಿದ್ಯೆಯು ನಿಜವಾಗಿಯೂ ದೊಡ್ಡದು. ಆದರೆ ಎಳೆಯ ಮಗುವಿನ ಗಂಟಲು ನೋವಿಗೆ ಹೊತ್ತಿಗೆ ಸರಿಯಾಗಿ ಔಷಧವನ್ನು ಕೊಡಿಸಿ, ಆ ಕದವು ಕೆಡದಂತೆಯೇ ನೋಡಿಕೊಳ್ಳುವುದು ಅದಕ್ಕಿಂತಲೂ ದೊಡ್ಡದು. ಮೊದಲನೆಯದಕ್ಕೆ ಶಸ್ತ್ರವೈದ್ಯರೂ ಯಂತ್ರಗಳೂ ಬೇಕು. ಎರಡನೆಯದಕ್ಕೆ ಎಚ್ಚರವುಳ್ಳ ಒಂದು ಮನೆ ಸಾಕು. ನಮ್ಮ ಊರಿನ ಒಂದೊಂದು ಮನೆಯೂ ಅಂಥ ಮನೆಯಾಗಲಿ.